ಅದೇ ವೇಳೆ, ಅದೇ ಮೇಜು: ಫ್ಲ್ಯಾನರಿ ಓಕಾನರ್ ಅವರ ಬದುಕು ಮತ್ತು ಬರವಣಿಗೆ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿರುವ ಜಾರ್ಜಿಯಾ ರಾಜ್ಯದಲ್ಲಿ ಮಿಲೆಜ್‌ವಿಲ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಂದ ನಾಲ್ಕು ಮೈಲಿ ದೂರದ ಹೈನುಗಾರಿಕೆಯ ತೋಟವೊಂದರ ಮನೆಯಲ್ಲಿ, 1951ರಿಂದ 1964ರವರೆಗೆ, ಒಬ್ಬ ರೋಗಪೀಡಿತ ಅವಿವಾಹಿತ ಮಹಿಳೆ ದಿನವೂ ಬೆಳಿಗ್ಗೆ ಒಂಬತ್ತು ಗಂಟೆಗೆ ಬೆರಳಚ್ಚು ಯಂತ್ರದ ಮುಂದೆ ಕುಳಿತು ಹನ್ನೆರಡು ಗಂಟೆಗೆ ಏಳುತ್ತಿದ್ದರು. ಬರವಣಿಗೆ ಸಾಗಿದರೂ ಸಾಗದಿದ್ದರೂ ಆ ವೇಳೆಯಲ್ಲಿ ಅವರು ಕುರ್ಚಿ ಬಿಟ್ಟು ಕದಲುತ್ತಿರಲಿಲ್ಲ. ಅವರ ಮೇಜು ಕಿಟಕಿಯ ಕಡೆಗಿರಲಿಲ್ಲ. ಬಟ್ಟೆಯ ಕಪಾಟೊಂದರ ಬೋಳು ಬೆನ್ನಿಗೆ ಮುಖಮಾಡಿತ್ತು. ಹೀಗೆ ಮೂವತ್ತೊಂಬತ್ತು ವರ್ಷಗಳ ಅಲ್ಪಾಯುಷ್ಯದಲ್ಲಿ ಎರಡು ಕಾದಂಬರಿಗಳನ್ನೂ ಮೂವತ್ತರಷ್ಟು ಸಣ್ಣ ಕಥೆಗಳನ್ನೂ ಬರೆದು, ಇಪ್ಪತ್ತನೆಯ ಶತಮಾನದ ಅಮೆರಿಕನ್ ಸಾಹಿತ್ಯದಲ್ಲಿ ಅಳಿಯದ ಸ್ಥಾನ ಪಡೆದವರು ಫ್ಲ್ಯಾನರಿ ಓಕಾನರ್.

ಸಾಹಿತಿಗಳೆಂದರೆ ಸ್ಫೂರ್ತಿ ಬಂದಾಗ ಬರೆಯುವವರು, ಬಾರದಿದ್ದಾಗ ಅದಕ್ಕಾಗಿ ಅಲೆಯುವವರು ಎಂಬ ಕಲ್ಪನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಸ್ವತಂತ್ರ ಲೇಖಕರೆಂದರಂತೂ ಯಾವ ಕಟ್ಟುಪಾಡಿಗೂ ಒಳಪಡದವರು ಎಂದೇ ಬಗೆಯುತ್ತೇವೆ. ಓಕಾನರ್ ಅವರ ಜೀವನವನ್ನು ಓದಿದವರಿಗೆ ಈ ಎರಡೂ ಕಲ್ಪನೆಗಳು ಸಡಿಲಗೊಳ್ಳುತ್ತವೆ. ತಮ್ಮ ಬರಹದ ವಿಷಯದಲ್ಲಿ ಯಾರ ಅಂಕೆಗೂ ಸಿಗದ ಈ ಲೇಖಕಿ, ತಮ್ಮ ದಿನಚರಿಯ ವಿಷಯದಲ್ಲಿ ಮಠದ ಸನ್ಯಾಸಿನಿಯಷ್ಟು ಕಟ್ಟುನಿಟ್ಟಾಗಿದ್ದರು. ಆ ಸ್ವಾತಂತ್ರ್ಯಕ್ಕೂ ಈ ಶಿಸ್ತಿಗೂ ಇರುವ ನಂಟೇ ಅವರ ಬದುಕಿನ ಒಳಗುಟ್ಟು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೇರಿ ಫ್ಲ್ಯಾನರಿ ಓಕಾನರ್ ಜನಿಸಿದ್ದು 1925ರ ಮಾರ್ಚ್ 25ರಂದು, ಜಾರ್ಜಿಯಾದ ಸವಾನ್ನಾ ನಗರದಲ್ಲಿ. ಅಂದು ಮಂಗಳವಾರ್ತೆಯ ಹಬ್ಬ. ತಂದೆ ಎಡ್ವರ್ಡ್, ತಾಯಿ ರೆಜೀನಾ. ಇಬ್ಬರೂ ಐರಿಷ್ ಮೂಲದ ಕಥೋಲಿಕ ಮನೆತನದವರು. ಅವರ ಏಕಮಾತ್ರ ಸಂತಾನ ಈಕೆ. ಮನೆಯ ಎದುರಿನ ಚೌಕದಾಚೆಗೆ ಸ್ನಾನಿಕ ಯೊವಾನ್ನರ ಪ್ರಧಾನಾಲಯದ ಗೋಪುರಗಳು ಕಾಣುತ್ತಿದ್ದವು. ಪ್ರೊಟೆಸ್ಟೆಂಟರೇ ಬಹುಸಂಖ್ಯೆಯಲ್ಲಿದ್ದ ಆ ಸೀಮೆಯಲ್ಲಿ ಕಥೋಲಿಕರು ಬೆರಳೆಣಿಕೆಯಷ್ಟು ಮಂದಿ. ಬಾಲಕಿಗೆ ಕೋಳಿ ಸಾಕುವ ಹುಚ್ಚು. ಹಿಂದಕ್ಕೆ ನಡೆಯುವ ಕೋಳಿಯೊಂದು ಅವರ ಬಳಿ ಇದೆ ಎಂಬ ಸುದ್ದಿ ತಿಳಿದು ಚಲನಚಿತ್ರ ವಾರ್ತಾಸಂಸ್ಥೆಯೊಂದು ಅದನ್ನು ಚಿತ್ರೀಕರಿಸಿಕೊಂಡು ಹೋದದ್ದುಂಟು.

1941ರಲ್ಲಿ ತಂದೆ ಲೂಪಸ್ ಎಂಬ ವ್ಯಾಧಿಯಿಂದ ತೀರಿಕೊಂಡರು. ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಅಂಗಾಂಗಗಳ ಮೇಲೆ ಎರಗುವ ರೋಗವದು. ಮಗಳಿಗೆ ಆಗ ಹದಿನೈದು ವರ್ಷ. ಆ ವೇಳೆಗೆ ಕುಟುಂಬ ತಾಯಿಯ ತವರಾದ ಮಿಲೆಜ್‌ವಿಲ್‌ನಲ್ಲಿ ನೆಲೆಸಿತ್ತು. ಅಲ್ಲಿನ ಮಹಿಳಾ ಕಾಲೇಜಿನಲ್ಲಿ ಓದುತ್ತ, ಕಾಲೇಜಿನ ಪತ್ರಿಕೆಗಳಿಗೆ ವ್ಯಂಗ್ಯಚಿತ್ರಗಳನ್ನು ಬರೆಯುತ್ತ, 1945ರಲ್ಲಿ ಪದವಿ ಪಡೆದ ಫ್ಲ್ಯಾನರಿ, ವಿದ್ಯಾರ್ಥಿವೇತನದ ಬಲದಿಂದ ಅಯೋವಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ಬರವಣಿಗೆಯ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದ ಪಾಲ್ ಎಂಗಲ್ ಅವರಿಗೆ, ಮೊದಲ ಭೇಟಿಯಲ್ಲಿ, ಈ ದಕ್ಷಿಣದ ಹುಡುಗಿಯ ಉಚ್ಚಾರಣೆ ಒಂದಿಷ್ಟೂ ಅರ್ಥವಾಗಲಿಲ್ಲವಂತೆ. ಹೇಳಬೇಕಾದುದನ್ನು ಕಾಗದದ ಮೇಲೆ ಬರೆದುಕೊಡುವಂತೆ ಅವರು ಕೇಳಿಕೊಳ್ಳಬೇಕಾಯಿತು. ಬರೆದುಕೊಟ್ಟದ್ದನ್ನು ಓದಿದ ಮೇಲೆ, ಆಕೆಯ ಕಥೆಗಳನ್ನು ನೋಡಿದ ಮೇಲೆ, ಅವರಿಗೆ ಸಂದೇಹ ಉಳಿಯಲಿಲ್ಲ.

ಅಯೋವಾದಲ್ಲಿದ್ದಾಗ ಅವರು ಒಂದು ಸಾಮಾನ್ಯ ನೋಟು ಪುಸ್ತಕದಲ್ಲಿ ದೇವರನ್ನು ಉದ್ದೇಶಿಸಿ ಪ್ರಾರ್ಥನೆಗಳನ್ನು ಬರೆದಿಟ್ಟಿದ್ದರು. ಅವರು ತೀರಿಕೊಂಡು ಅರ್ಧ ಶತಮಾನ ಕಳೆಯುವ ಹೊತ್ತಿಗೆ, 2013ರಲ್ಲಿ, ಅದು ಪ್ರಕಟವಾಯಿತು. ಇಪ್ಪತ್ತೊಂದು ವರ್ಷದ ಆ ತರುಣಿ ಅದರಲ್ಲಿ ಬೇಡಿದ್ದು ಒಳ್ಳೆಯ ಬರಹಗಾರ್ತಿಯಾಗುವ ವರವನ್ನು. ಜತೆಗೆ, ಆ ಆಸೆಯೊಳಗೆ ಅಡಗಿರುವ ಅಹಂಕಾರದಿಂದ ಬಿಡುಗಡೆಯನ್ನು. ಈ ಎರಡು ಬೇಡಿಕೆಗಳೂ ಕೊನೆಯವರೆಗೆ ಅವರ ಜತೆಗೇ ನಡೆದವು.

ಸಂಪಾದಕರೊಡನೆ ತಿಕ್ಕಾಟ

ಅವರ ಮೊದಲ ಕಾದಂಬರಿ 'ವೈಸ್ ಬ್ಲಡ್' ಇನ್ನೂ ಅಪೂರ್ಣವಾಗಿರುವಾಗಲೇ ನ್ಯೂಯಾರ್ಕಿನ ರೈನ್‌ಹಾರ್ಟ್ ಪ್ರಕಾಶನ ಸಂಸ್ಥೆ ಅದರ ಮೇಲೆ ಮೊದಲ ಹಕ್ಕು ಪಡೆದಿತ್ತು. 1949ರ ಆರಂಭದಲ್ಲಿ ಕೆಲವು ಅಧ್ಯಾಯಗಳನ್ನು ಓದಿದ ಅಲ್ಲಿನ ಸಂಪಾದಕ ಜಾನ್ ಸೆಲ್ಬಿ, ಕಾದಂಬರಿ ವಿಚಿತ್ರವಾಗಿದೆ, ಅದನ್ನು ತಿದ್ದಿ ಓದುಗರು ಒಪ್ಪುವ ಹದಕ್ಕೆ ತರಬೇಕೆಂದು ಸೂಚಿಸಿದರು. ಓಕಾನರ್ ಅವರಿಗೆ ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಒಂದು ಪುಸ್ತಕವೂ ಪ್ರಕಟವಾಗಿರಲಿಲ್ಲ, ಕೈಯಲ್ಲಿ ಹಣವೂ ಇರಲಿಲ್ಲ. ಆದರೂ ಅವರು ವಿನಯದಿಂದ, ಆದರೆ ಖಚಿತವಾಗಿ ಉತ್ತರಿಸಿದರು: ತಾವು ಬರೆಯಲು ಹೊರಟಿರುವ ಪುಸ್ತಕವನ್ನು ಇನ್ನಷ್ಟು ಚೆನ್ನಾಗಿಸುವ ಟೀಕೆಯನ್ನು ಸ್ವೀಕರಿಸುವುದಾಗಿಯೂ, ಅದನ್ನು ಬೇರೊಂದು ಪುಸ್ತಕವನ್ನಾಗಿ ಮಾಡುವ ಟೀಕೆಗೆ ಒಪ್ಪುವುದಿಲ್ಲವೆಂದೂ ತಿಳಿಸಿದರು. ಕೊನೆಗೆ ಆ ಸಂಸ್ಥೆಯ ನಂಟು ಕಳಚಿತು. ರಾಬರ್ಟ್ ಜಿರೂ ಅವರ ಸಂಪಾದಕತ್ವದಲ್ಲಿ ಹಾರ್ಕೋರ್ಟ್ ಬ್ರೇಸ್ ಸಂಸ್ಥೆ 1952ರಲ್ಲಿ ಕಾದಂಬರಿಯನ್ನು ಹೊರತಂದಿತು.

ಇದನ್ನು ಕೇವಲ ಹಠವೆಂದು ತಿಳಿಯಬಾರದು. ಅದೇ ಅವಧಿಯಲ್ಲಿ ಕ್ಯಾರೊಲಿನ್ ಗಾರ್ಡನ್ ಎಂಬ ಹಿರಿಯ ಕಾದಂಬರಿಕಾರ್ತಿ ಓಕಾನರ್ ಅವರ ಹಸ್ತಪ್ರತಿಗಳನ್ನು ಓದಿ, ವಾಕ್ಯ ವಾಕ್ಯವನ್ನೂ ಹಿಡಿದು, ಪುಟಗಟ್ಟಲೆ ದೋಷಗಳನ್ನು ತೋರಿಸಿ ಪತ್ರ ಬರೆಯುತ್ತಿದ್ದರು. ಓಕಾನರ್ ಅವೆಲ್ಲವನ್ನೂ ವಿಧೇಯ ವಿದ್ಯಾರ್ಥಿನಿಯಂತೆ ಸ್ವೀಕರಿಸಿ ಮತ್ತೆ ಮತ್ತೆ ತಿದ್ದಿದರು. ಕೃತಿಯ ಹಿತವನ್ನು ಬಯಸುವ ಮಾತಿಗೆ ಕಿವಿಗೊಟ್ಟರು, ಮಾರುಕಟ್ಟೆಯ ಅನುಕೂಲವನ್ನು ಬಯಸುವ ಮಾತನ್ನು ಬದಿಗಿಟ್ಟರು. ಸ್ವಾತಂತ್ರ್ಯವೆಂಬುದು ಇಂಥ ವಿವೇಚನೆಯಲ್ಲಿದೆ.

ರೋಗವೇ ಕಟ್ಟಿಕೊಟ್ಟ ದಿನಚರಿ

1950ರ ಡಿಸೆಂಬರ್‌ನಲ್ಲಿ, ಕನೆಕ್ಟಿಕಟ್‌ನಲ್ಲಿ ಕವಿ ರಾಬರ್ಟ್ ಫಿಟ್ಸ್‌ಜೆರಾಲ್ಡ್ ದಂಪತಿಗಳ ಮನೆಯಲ್ಲಿ ವಾಸವಾಗಿದ್ದ ಓಕಾನರ್, ಕ್ರಿಸ್ಮಸ್‌ಗೆಂದು ರೈಲಿನಲ್ಲಿ ಊರಿಗೆ ಹೊರಟರು. ದಾರಿಯಲ್ಲೇ ತೀವ್ರವಾಗಿ ಅಸ್ವಸ್ಥರಾದರು. ತಂದೆಯನ್ನು ಕೊಂದ ಲೂಪಸ್ ಮಗಳನ್ನೂ ಹಿಡಿದಿತ್ತು. ತಾಯಿ ಈ ಸತ್ಯವನ್ನು ಮಗಳಿಂದ ಮುಚ್ಚಿಟ್ಟು, ಸಂಧಿವಾತವೆಂದು ನಂಬಿಸಿದರು. 1952ರ ಬೇಸಿಗೆಯಲ್ಲಿ ಸ್ನೇಹಿತೆ ಸ್ಯಾಲಿ ಫಿಟ್ಸ್‌ಜೆರಾಲ್ಡ್ ಅವರ ಬಾಯಿಂದ ನಿಜ ತಿಳಿಯಿತು. ಹಂದಿಯ ಗ್ರಂಥಿಯಿಂದ ತೆಗೆದ ಎ.ಸಿ.ಟಿ.ಎಚ್. ಎಂಬ ಔಷಧಿಯ ಚುಚ್ಚುಮದ್ದು ಪ್ರಾಣ ಉಳಿಸಿತು. ಆದರೆ ಮುಖ ಊದಿತು, ಕೂದಲು ಉದುರಿತು, ಮೂಳೆಗಳು ದುರ್ಬಲವಾದವು. 1955ರಿಂದ ಊರುಗೋಲುಗಳಿಲ್ಲದೆ ನಡೆಯುವಂತಿರಲಿಲ್ಲ.

ಮಹಾನಗರದ ಸಾಹಿತ್ಯ ವಲಯದಲ್ಲಿ ಬಾಳಬೇಕೆಂದಿದ್ದ ತರುಣಿ ಹೀಗೆ ತಾಯಿಯ ತೋಟಕ್ಕೆ ಮರಳಿದರು. ಆಂಡಲೂಸಿಯಾ ಎಂಬ ಹೆಸರಿನ, ಐನೂರು ಎಕರೆಗೂ ಮಿಕ್ಕ ಆ ತೋಟದ ಆಡಳಿತವೆಲ್ಲ ರೆಜೀನಾ ಅವರದು. ಮೆಟ್ಟಿಲು ಹತ್ತಲಾಗದ ಮಗಳಿಗಾಗಿ ಕೆಳಗಿನ ಕೋಣೆಯೇ ಮಲಗುವ ಮನೆಯೂ ಬರೆಯುವ ಮನೆಯೂ ಆಯಿತು. ದಿನ ಆರಂಭವಾಗುತ್ತಿದ್ದುದು ಪ್ರಾರ್ಥನಾ ಪುಸ್ತಕದ ಪ್ರಾತಃಕಾಲದ ಕೀರ್ತನೆಗಳಿಂದ. ಬಳಿಕ ತಾಯಿ ಮಗಳು ಕಾಫಿ ಕುಡಿದು, ಕಾರಿನಲ್ಲಿ ಪಟ್ಟಣದ ಪವಿತ್ರ ಹೃದಯದ ದೇವಾಲಯಕ್ಕೆ ಹೋಗಿ ಏಳು ಗಂಟೆಯ ಬಲಿಪೂಜೆಯಲ್ಲಿ ಪಾಲ್ಗೊಳ್ಳುತ್ತಿದ್ದರು. ಒಂಬತ್ತಕ್ಕೆ ಬರವಣಿಗೆ. ಮಧ್ಯಾಹ್ನ ಹಲವು ದಿನ ಪಟ್ಟಣದ ಸ್ಯಾನ್‌ಫರ್ಡ್ ಹೌಸ್ ಎಂಬ ಭೋಜನಗೃಹದಲ್ಲಿ ಊಟ. ಹುರಿದ ಸಿಗಡಿ, ಅನಂತರ ಪುದೀನದ ಪರಿಮಳದ ಸಿಹಿ ತಿನಿಸು ಅವರಿಗೆ ಪ್ರಿಯವಾಗಿದ್ದವು. ಅಪರಾಹ್ನ ಪತ್ರಗಳು, ಅತಿಥಿಗಳು, ಪಕ್ಷಿಗಳು. ರಾತ್ರಿ ಒಂಬತ್ತರ ಸುಮಾರಿಗೆ ಮಲಗುವ ಮುನ್ನ ಸಂತ ತೋಮಸ್ ಅಕ್ವಿನಾಸರ ದೈವಶಾಸ್ತ್ರ ಗ್ರಂಥದಿಂದ ಸುಮಾರು ಇಪ್ಪತ್ತು ನಿಮಿಷಗಳ ಓದು.

ರೋಗ ಉಲ್ಬಣಿಸಿದಾಗ ಬರವಣಿಗೆಯ ಮೂರು ಗಂಟೆ ಎರಡಕ್ಕೆ ಇಳಿಯುತ್ತಿತ್ತು. ಆದರೆ ಆ ಎರಡು ಗಂಟೆಗಳ ನಡುವೆ ಯಾರೂ, ಯಾವುದೂ ಬರುವಂತಿರಲಿಲ್ಲ. ತಿಂಗಳುಗಟ್ಟಲೆ ಬರೆದದ್ದನ್ನು ಹರಿದೆಸೆದ ಸಂದರ್ಭಗಳೂ ಇದ್ದವು. ಆ ದಿನಗಳು ವ್ಯರ್ಥವಾದವೆಂದು ಅವರು ಭಾವಿಸಲಿಲ್ಲ. ಮೊದಲೇ ಕಥೆಯ ನಕ್ಷೆ ಹಾಕಿಕೊಂಡು ಬರೆಯುವ ಪದ್ಧತಿಯೂ ಅವರದಲ್ಲ. 'ಗುಡ್ ಕಂಟ್ರಿ ಪೀಪಲ್' ಎಂಬ ಪ್ರಸಿದ್ಧ ಕಥೆಯಲ್ಲಿ ಬೈಬಲ್ ಮಾರುವ ತರುಣನೊಬ್ಬ, ವಿದ್ಯಾವಂತೆಯಾದ ನಾಸ್ತಿಕ ಯುವತಿಯ ಮರದ ಕಾಲನ್ನು ಕದ್ದೊಯ್ಯುತ್ತಾನೆ. ಆ ಕಳವು ನಡೆಯುವ ಹತ್ತು ಹನ್ನೆರಡು ಸಾಲುಗಳ ಮುಂಚಿನವರೆಗೂ ಅದು ನಡೆಯುತ್ತದೆಂದು ಸ್ವತಃ ಲೇಖಕಿಗೆ ತಿಳಿದಿರಲಿಲ್ಲ. ಸ್ಫೂರ್ತಿ ಬಂದದ್ದು ನಿಜ. ಬಂದಾಗ ಅವರು ಮೇಜಿನ ಬಳಿ ಇದ್ದರು.

ಅಭ್ಯಾಸವೆಂಬ ಸದ್ಗುಣ

ಇಲ್ಲಿ ತತ್ತ್ವಶಾಸ್ತ್ರದ ಒಂದು ಮಾತು ಅಗತ್ಯ. ಅರಿಸ್ಟಾಟಲನನ್ನು ಅನುಸರಿಸಿ ಸಂತ ತೋಮಸರು 'ಹಾಬಿತುಸ್' ಎಂಬ ಲತೀನ್ ಪದವನ್ನು ಬಳಸುತ್ತಾರೆ. ಸಾಮಾನ್ಯವಾಗಿ ನಾವದನ್ನು ಅಭ್ಯಾಸವೆಂದು ಕರೆಯುತ್ತೇವೆ. ಆದರೆ ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದಗಳು ಹಲವು: ಯೋಚಿಸದೆ ಮಾಡುವುದು ರೂಢಿ, ಬಿಡಲಾಗದ ಕೆಟ್ಟದ್ದು ಚಾಳಿ, ಅರಿತು ಪುನಃ ಪುನಃ ಮಾಡಿ ಮೈಗೂಡಿಸಿಕೊಂಡದ್ದು ಅಭ್ಯಾಸ. ತೋಮಸರು ಹೇಳುವ ಸದ್ಗುಣ ಈ ಕೊನೆಯ ಬಗೆಯದು. ಅದು ಮನುಷ್ಯನ ಶಕ್ತಿಯೊಂದನ್ನು ಒಳಗಿನಿಂದ ಹದಗೊಳಿಸಿ, ಕಠಿಣವಾದುದನ್ನು ಸಹಜವಾಗಿ ಮಾಡುವ ಸಾಮರ್ಥ್ಯ ನೀಡುತ್ತದೆ. ಕಲೆಯನ್ನೂ ಅವರು ಇಂಥದೇ ಒಂದು ಸ್ಥಿರ ಗುಣವೆಂದು ಗಣಿಸುತ್ತಾರೆ: ಮಾಡಬೇಕಾದ ವಸ್ತುವನ್ನು ಸರಿಯಾಗಿ ಮಾಡುವ ಬುದ್ಧಿಯ ಸದ್ಗುಣ. ಫ್ರೆಂಚ್ ದಾರ್ಶನಿಕ ಝಾಕ್ ಮಾರಿತೆಯ್ನ್ ಈ ಚಿಂತನೆಯನ್ನು ಆಧುನಿಕ ಕಲಾವಿದರಿಗೆ ತಲುಪಿಸಿದರು. ಅವರ ಗ್ರಂಥವನ್ನು ಓಕಾನರ್ ಶ್ರದ್ಧೆಯಿಂದ ಓದಿದ್ದರು. ಕಲೆಯ ಬಗೆಗಿನ ತಮ್ಮ ನಿಲುವಿಗೆ ಅದನ್ನೇ ತಳಹದಿಯಾಗಿಸಿಕೊಂಡಿದ್ದರು.

ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ ಎಂಬುದು ನಮ್ಮ ಗಾದೆ. ನರಳಲು ಬೇಕಾದಷ್ಟು ಕಾರಣಗಳಿದ್ದ ಈ ಮಹಿಳೆ ಹಾಡುವುದನ್ನೇ ಅಭ್ಯಾಸ ಮಾಡಿಕೊಂಡರು. ಅವರ ಪತ್ರಗಳಲ್ಲಿ ಸ್ವಾನುಕಂಪದ ಸುಳಿವಿಲ್ಲ. ಬದಲಾಗಿ ತಮ್ಮನ್ನೇ ಗೇಲಿ ಮಾಡಿಕೊಳ್ಳುವ ನಗೆಯಿದೆ. ಅವರ ಕಥೆಯೊಂದನ್ನು ದೂರದರ್ಶನ ನಾಟಕಕ್ಕೆಂದು ಕೊಂಡಾಗ ಬಂದ ಹಣದಲ್ಲಿ ತಾಯಿಗೆ ಹೊಸ ಶೀತಕಪಾಟು ಕೊಂಡುಕೊಟ್ಟರು. 1952ರಲ್ಲಿ ಫ್ಲೋರಿಡಾದಿಂದ ನವಿಲುಗಳನ್ನು ತರಿಸಿಕೊಂಡರು. ಅವು ವೃದ್ಧಿಯಾಗಿ ನಲವತ್ತರ ಹತ್ತಿರ ಬಂದವು. ತಾಯಿಯ ಹೂಗಿಡಗಳನ್ನೂ ಅಂಜೂರದ ಹಣ್ಣುಗಳನ್ನೂ ಅವು ತಿಂದು ಹಾಕಿದ್ದರಿಂದ ಮನೆಯಲ್ಲಿ ಸದಾ ತಕರಾರು. ನವಿಲು ಪ್ರಾಚೀನ ಕ್ರೈಸ್ತ ಕಲೆಯಲ್ಲಿ ಪುನರುತ್ಥಾನದ ಸಂಕೇತ ಎಂಬುದನ್ನು ಅವರು ಬಲ್ಲವರಾಗಿದ್ದರು.

ಕೆಲಸಗಾರರ ಮಾತು, ತಾಯಿಯ ಲೆಕ್ಕಾಚಾರ, ಮಹಾಯುದ್ಧದಿಂದ ನಿರಾಶ್ರಿತರಾಗಿ ತೋಟದ ಕೆಲಸಕ್ಕೆ ಬಂದ ಪೋಲೆಂಡಿನ ಕುಟುಂಬ, ವೈದ್ಯರ ನಿರೀಕ್ಷಣಾ ಕೋಣೆ, ಇವೇ ಅವರ ಕಥೆಗಳಿಗೆ ವಸ್ತುವಾದವು. ಮನೆಯಿಂದ ಹೆಚ್ಚು ದೂರ ಹೋಗಲಾರದವರಿಗೆ ಮನೆಯಂಗಳವೇ ಲೋಕವನ್ನು ತೋರಿಸಿತು.

ಭಕ್ತರ ಅಸಮಾಧಾನ

1955ರಲ್ಲಿ ಅವರ ಮೊದಲ ಕಥಾಸಂಕಲನ 'ಎ ಗುಡ್ ಮ್ಯಾನ್ ಈಸ್ ಹಾರ್ಡ್ ಟು ಫೈಂಡ್' ಪ್ರಕಟವಾಯಿತು. ಅದರ ಮೊದಲ ಕಥೆಯಲ್ಲಿ, ಪ್ರವಾಸ ಹೊರಟ ಕುಟುಂಬವೊಂದು ಸೆರೆಮನೆಯಿಂದ ತಪ್ಪಿಸಿಕೊಂಡ ಹಂತಕನ ಕೈಗೆ ಸಿಕ್ಕಿ ನಾಶವಾಗುತ್ತದೆ. ಜಂಬದ ಮುದುಕಿಯೊಬ್ಬಳು ಸಾಯುವ ಮುನ್ನಿನ ಕ್ಷಣದಲ್ಲಿ ಆ ಹಂತಕನನ್ನು ತನ್ನ ಮಗುವೆಂದು ಕಂಡು ಕೈಚಾಚುತ್ತಾಳೆ. ಕೃಪಾವರ ಬರುವುದು ಆ ಒಂದು ಕ್ಷಣದಲ್ಲಿ. ಇಂಥ ಕಥೆಗಳನ್ನು ಓದಿ ಹಲವು ಕಥೋಲಿಕರೇ ಬೆಚ್ಚಿದರು. ಕಥೋಲಿಕ ಲೇಖಕಿಯಿಂದ ಮನಸ್ಸಿಗೆ ಹಿತವಾಗುವ, ಭಕ್ತಿ ಹೆಚ್ಚಿಸುವ ಕಥೆಗಳನ್ನು ಅವರು ಬಯಸಿದ್ದರು.

ಓಕಾನರ್ ಇಲ್ಲಿಯೂ ಮಣಿಯಲಿಲ್ಲ. ಸಂಪಾದಕರಿಗೆ ಕೊಡದ ಲೇಖನಿಯನ್ನು ಸ್ವಂತ ಮತದವರ ಒತ್ತಡಕ್ಕೂ ಕೊಡಲಿಲ್ಲ. ಕೃತಿ ಕಳಪೆಯಾಗಿದ್ದರೆ ಅದರೊಳಗಿನ ಧರ್ಮಶ್ರದ್ಧೆ ಅದನ್ನು ಉಳಿಸಲಾರದೆಂಬುದು ಅವರ ದೃಢವಾದ ನಿಲುವು. ಆದರೆ ಧರ್ಮಸಭೆಯಿಂದ ಅವರು ದೂರ ಸರಿಯಲೂ ಇಲ್ಲ. 1956ರಿಂದ ತಮ್ಮ ಪ್ರಾಂತದ ಕಥೋಲಿಕ ಪತ್ರಿಕೆಗೆ, ಸಂಭಾವನೆಯ ಆಸೆಯಿಲ್ಲದೆ, ನೂರಕ್ಕೂ ಹೆಚ್ಚು ಪುಸ್ತಕಗಳ ವಿಮರ್ಶೆ ಬರೆದರು. ಅಟ್ಲಾಂಟಾದ ಅಪರಿಚಿತ ಓದುಗಳೊಬ್ಬಳು 1955ರಲ್ಲಿ ಬರೆದ ಒಂದು ಪತ್ರದಿಂದ ಆರಂಭವಾದ ಸ್ನೇಹ ಒಂಬತ್ತು ವರ್ಷ ನಡೆಯಿತು. ಆಕೆ ಕಥೋಲಿಕಳಾದಾಗ ದೃಢೀಕರಣ ಸಂಸ್ಕಾರಕ್ಕೆ ಓಕಾನರ್ ಅವರೇ ಧರ್ಮಮಾತೆಯಾದರು. ಕೆಲವು ವರ್ಷಗಳ ಬಳಿಕ ಆಕೆ ಧರ್ಮಸಭೆಯನ್ನು ತೊರೆದಾಗ ನೊಂದರೂ ನಿಂದಿಸಲಿಲ್ಲ, ಪತ್ರವನ್ನೂ ನಿಲ್ಲಿಸಲಿಲ್ಲ.

1958ರಲ್ಲಿ ಬಂಧುವೊಬ್ಬರ ಒತ್ತಾಯಕ್ಕೆ ತಾಯಿಯೊಡನೆ ಲೂರ್ದು ನಗರಕ್ಕೆ ಯಾತ್ರೆ ಹೋದರು. ಮನಸ್ಸಿಲ್ಲದ ಮನಸ್ಸಿನಿಂದ ಅಲ್ಲಿನ ಪವಿತ್ರ ಜಲದಲ್ಲಿ ಮಿಂದರು. ಅಲ್ಲಿ ಅವರು ಪ್ರಾರ್ಥಿಸಿದ್ದು ತಮ್ಮ ಮೂಳೆಗಳಿಗಾಗಿ ಅಲ್ಲ, ವರ್ಷಗಳಿಂದ ಮುಗಿಯದೆ ಕಾಡುತ್ತಿದ್ದ ಎರಡನೆಯ ಕಾದಂಬರಿಗಾಗಿ. ಮತ್ತಾಯನ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಿಂದ ಹೆಸರು ಪಡೆದ ಆ ಕಾದಂಬರಿ, 'ದಿ ವಯಲೆಂಟ್ ಬೇರ್ ಇಟ್ ಅವೇ', 1960ರಲ್ಲಿ ಹೊರಬಂತು.

ಮೈಗಂಟಿದ ರೂಢಿ

ಇಷ್ಟಕ್ಕೇ ನಿಲ್ಲಿಸಿದರೆ ಸತ್ಯಕ್ಕೆ ಅಪಚಾರವಾದೀತು. ಓಕಾನರ್ ಬೆಳೆದ ಜಾರ್ಜಿಯಾದಲ್ಲಿ ಕರಿಯ ಜನಾಂಗದವರನ್ನು ಶಾಲೆ, ಬಸ್ಸು, ಹೋಟೆಲುಗಳಲ್ಲಿ ಬೇರೆಯಾಗಿಡುವುದು ಕಾನೂನೇ ಆಗಿತ್ತು. ಅವರ ಖಾಸಗಿ ಪತ್ರಗಳಲ್ಲಿ ಆ ಜನರ ಬಗ್ಗೆ ಹಗುರವಾದ, ನೋವುಂಟುಮಾಡುವ ಮಾತುಗಳಿವೆ. 1959ರಲ್ಲಿ ಕರಿಯ ಲೇಖಕ ಜೇಮ್ಸ್ ಬಾಲ್ಡ್ವಿನ್ ಅವರನ್ನು ಜಾರ್ಜಿಯಾದಲ್ಲಿ ಭೇಟಿಯಾಗುವ ಸಲಹೆ ಬಂದಾಗ, ಊರಿನ ರೀತಿರಿವಾಜಿಗೆ ಅದು ಹೊಂದದೆಂದು ನಿರಾಕರಿಸಿದರು. ಸಂಪಾದಕರಿಗೂ ಓದುಗರಿಗೂ ಬಗ್ಗದವರು ಊರಿನ ಕಟ್ಟಳೆಗೆ ಬಗ್ಗಿದರು. ಈ ಪತ್ರಗಳ ಚರ್ಚೆ ಬಿಸಿಯೇರಿದ 2020ರಲ್ಲಿ, ಮೇರಿಲ್ಯಾಂಡಿನ ಯೇಸುಸಭೆಯವರ ಲೊಯೋಲಾ ವಿಶ್ವವಿದ್ಯಾಲಯ ವಿದ್ಯಾರ್ಥಿನಿಲಯವೊಂದಕ್ಕಿದ್ದ ಅವರ ಹೆಸರನ್ನು ತೆಗೆದುಹಾಕಿತು.

ಇದನ್ನು ಕಾಲಧರ್ಮವೆಂದು ಹೇಳಿ ತೇಲಿಸಿಬಿಡುವುದು ಸರಿಯಲ್ಲ. ಅದೇ ಕಾಲದಲ್ಲಿ, ಅದೇ ನಾಡಿನಲ್ಲಿ, ಆ ಅನ್ಯಾಯವನ್ನು ಎದುರಿಸಿ ನಿಂತ ಕ್ರೈಸ್ತರೂ ಇದ್ದರು. ಸಂತ ತೋಮಸರ ಚಿಂತನೆ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಕಲೆಯೆಂಬ ಸದ್ಗುಣ ಕೃತಿಯನ್ನು ಒಳ್ಳೆಯದಾಗಿಸುತ್ತದೆ. ಅಷ್ಟರಿಂದಲೇ ಕರ್ತೃವನ್ನು ಒಳ್ಳೆಯವನಾಗಿಸುವುದಿಲ್ಲ. ಅದಕ್ಕೆ ಬೇರೆ ಸದ್ಗುಣಗಳ ಅಭ್ಯಾಸ ಬೇಕು. ತಾನು ಅರಿತು ಕಟ್ಟಿಕೊಂಡ ಅಭ್ಯಾಸ ಎಷ್ಟೇ ಗಟ್ಟಿಯಾಗಿರಲಿ, ಹುಟ್ಟಿದ ಊರು ಅರಿವಿಲ್ಲದೆ ಮೆತ್ತಿದ ರೂಢಿಯೂ ಅಷ್ಟೇ ಗಟ್ಟಿಯಾಗಿ ಪಕ್ಕದಲ್ಲೇ ಉಳಿದಿರಬಹುದು.

ವಿಸ್ಮಯದ ಸಂಗತಿಯೆಂದರೆ, ಅವರ ಲೇಖನಿ ಕೆಲವೊಮ್ಮೆ ಅವರಿಗಿಂತ ಮುಂದೆ ಹೋಯಿತು. 1964ರಲ್ಲಿ ಪ್ರಕಟವಾದ 'ರೆವೆಲೇಶನ್' ಕಥೆಯ ಟರ್ಪಿನ್ ಎಂಬಾಕೆ ಜನರನ್ನು ಬಣ್ಣ, ಆಸ್ತಿಗಳ ಪ್ರಕಾರ ಮೇಲೆ ಕೆಳಗೆ ಜೋಡಿಸುವುದರಲ್ಲೇ ಸುಖ ಕಾಣುವ ಗೃಹಿಣಿ. ಕಥೆಯ ಅಂತ್ಯದಲ್ಲಿ, ಹಂದಿಗಳ ದೊಡ್ಡಿಯ ಬಳಿ ನಿಂತ ಆಕೆಗೆ ಸ್ವರ್ಗಕ್ಕೆ ಸಾಗುವ ಆತ್ಮಗಳ ಮೆರವಣಿಗೆಯ ದರ್ಶನವಾಗುತ್ತದೆ. ಆಕೆ ತುಚ್ಛವಾಗಿ ಕಂಡ ಬಡವರು, ಕರಿಯರು, ಬುದ್ಧಿಭ್ರಮಣೆಯವರು ಮುಂದೆ ನಡೆಯುತ್ತಿದ್ದಾರೆ. ಆಕೆಯಂಥ ಮರ್ಯಾದಸ್ಥರು ಎಲ್ಲರ ಹಿಂದೆ. ತನ್ನ ಸಮಾಜದ ಮೇಲೆ ಅದೇ ಸಮಾಜದ ಮಗಳೊಬ್ಬಳು ಬರೆದ ತೀರ್ಪು ಅದು. ಆ ತೀರ್ಪಿನಿಂದ ಬರೆದವರೂ ಹೊರತಲ್ಲ.

ಕೊನೆಯ ತಿಂಗಳುಗಳು

1964ರ ಫೆಬ್ರವರಿಯಲ್ಲಿ ಅನಿವಾರ್ಯವಾದ ಶಸ್ತ್ರಚಿಕಿತ್ಸೆಯೊಂದು ನಡೆಯಿತು. ಅದರ ಬೆನ್ನಿಗೆ ಲೂಪಸ್ ಮತ್ತೆ ಕೆರಳಿತು. ಆಸ್ಪತ್ರೆಯಲ್ಲಿ ಕೆಲಸ ಮಾಡಬಾರದೆಂದು ವೈದ್ಯರು ತಡೆದಾರೆಂಬ ಭಯದಿಂದ ಕಥೆಯ ಹಾಳೆಗಳನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡು, ಯಾರೂ ಇಲ್ಲದಾಗ ತೆಗೆದು ತಿದ್ದುತ್ತಿದ್ದರು. 1946ರಲ್ಲಿ ಪ್ರಕಟವಾಗಿದ್ದ ತಮ್ಮ ಮೊಟ್ಟಮೊದಲ ಕಥೆಯನ್ನೇ ಪುನಃ ಕೈಗೆತ್ತಿಕೊಂಡು 'ಜಡ್ಜ್‌ಮೆಂಟ್ ಡೇ' ಎಂಬ ಹೊಸ ಕಥೆಯಾಗಿ ಕಡೆದರು. ಜುಲೈ ತಿಂಗಳಲ್ಲಿ ತಾವಾಗಿಯೇ ಕೇಳಿಕೊಂಡು ಅಭ್ಯಂಗ ಸಂಸ್ಕಾರ ಪಡೆದರು. ಆಗಸ್ಟ್ 3ರಂದು ಮಿಲೆಜ್‌ವಿಲ್‌ನ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಊರಿನ ಸ್ಮಶಾನದಲ್ಲಿ, ತಂದೆಯ ಪಕ್ಕದಲ್ಲಿ ಅವರ ಸಮಾಧಿಯಿದೆ.

ಅವರ ಸಮಗ್ರ ಕಥೆಗಳಿಗೆ 1972ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಮರಣೋತ್ತರವಾಗಿ ಸಂದಿತು. 1979ರಲ್ಲಿ ಪತ್ರಗಳ ಸಂಪುಟ ಬಂದಿತು; ಸ್ಯಾಲಿ ಫಿಟ್ಸ್‌ಜೆರಾಲ್ಡ್ ಅದಕ್ಕಿಟ್ಟ ಹೆಸರಿನಲ್ಲಿಯೂ ಅಭ್ಯಾಸವೆಂಬ ಪದವೇ ಇದೆ. ಆಂಡಲೂಸಿಯಾದ ಮನೆ 2017ರಲ್ಲಿ, ಅವರು ಓದಿದ ಕಾಲೇಜಿನ ಈಗಿನ ರೂಪವಾದ ವಿಶ್ವವಿದ್ಯಾಲಯದ ವಶಕ್ಕೆ ಬಂದಿತು.

ಬರೆಯುವವರಿಗಷ್ಟೇ ಈ ಜೀವನ ಪಾಠವಾಗಬೇಕಿಲ್ಲ. ಪ್ರಾರ್ಥಿಸುವವರಿಗೆ, ಕಲಿಸುವವರಿಗೆ, ರೋಗಿಯ ಶುಶ್ರೂಷೆ ಮಾಡುವವರಿಗೆ, ಮನೆ ನಡೆಸುವವರಿಗೆ, ದಿನದಿನವೂ ಒಂದು ನಿರ್ದಿಷ್ಟ ವೇಳೆಗೆ ಒಂದು ನಿರ್ದಿಷ್ಟ ಜಾಗದಲ್ಲಿ ಹಾಜರಿರಬೇಕಾದ ಕೆಲಸವೊಂದು ಇದ್ದೇ ಇರುತ್ತದೆ. ಕೃಪಾವರ ಎಂದು ಬರುವುದೆಂಬುದು ನಮ್ಮ ಕೈಯಲ್ಲಿಲ್ಲ. ಬಂದಾಗ ಬಾಗಿಲಲ್ಲಿ ಇರುವುದು ನಮ್ಮ ಕೈಯಲ್ಲಿದೆ. ಹಾಗೆಯೇ, ನಾವು ಹೆಮ್ಮೆಯಿಂದ ಸಾಧಿಸಿಕೊಂಡ ಅಭ್ಯಾಸಗಳ ಪಕ್ಕದಲ್ಲಿ, ನಾವು ಎಂದೂ ಪರೀಕ್ಷಿಸದೆ ಬಿಟ್ಟ ರೂಢಿ ಯಾವುದು ಕುಳಿತಿದೆಯೆಂದು ಆಗಾಗ ತಿರುಗಿ ನೋಡುವುದೂ ನಮ್ಮ ದಿನಚರಿಯ ಭಾಗವಾಗಬೇಕು. ಫ್ಲ್ಯಾನರಿ ಓಕಾನರ್ ಅವರ ಸಾಧನೆ ಮೊದಲನೆಯದನ್ನು ಕಲಿಸುತ್ತದೆ. ಅವರ ಕೊರತೆ ಎರಡನೆಯದನ್ನು.